ಬೆರಳಲ್ಲಿ ಹೇಳದ ಕಥೆ

ಕೋಟೆ ತೋರಿಸ್ತೀನಿ ಅಂತ ಮಗಳು ಕರೆದುಕೊಂಡು ಹೋದಳು. ಹೋಗಿ ನೋಡಿದರೆ ಅಲ್ಲಿದ್ದದ್ದು ಒಂದು ಗೋಡೆ.

ಸ್ಕಾಟ್ಲೆಂಡಿನ ಉತ್ತರದಲ್ಲಿ ಡಿಂಗ್ವಾಲ್ ಎಂಬ ಸಣ್ಣ ಊರಿದೆ. ಅದರ ಹತ್ತಿರ, ಕಾನನ್ ನದಿಯ ಮೇಲಿನ ದಂಡೆಯಲ್ಲಿ ಬ್ರಾಹನ್ ಎಂಬ ಜಾಗ. ಮೆಕೆಂಝಿ ಕುಲದ ಯಜಮಾನರು ಸೀಫೋರ್ತ್ ಎಂಬ ಪದವಿ ಹೊತ್ತು ಇಲ್ಲಿಂದ ಸುತ್ತಲಿನ ಸೀಮೆಯನ್ನೆಲ್ಲ ಆಳಿದರು. 1620ರ ದಶಕದಲ್ಲಿ ಎದ್ದ ಮನೆ. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಆಮೇಲೆ ಯಾರೂ ವಾಸಕ್ಕೆ ಬರಲಿಲ್ಲ. 1950ರ ದಶಕದಲ್ಲಿ ಕೆಡವಿಯೇ ಬಿಟ್ಟರು. ಈಗ ಆ ಎಸ್ಟೇಟಿನಲ್ಲಿ ದೊಡ್ಡ ದೊಡ್ಡ ಮರಗಳಿವೆ, ರಜೆಗೆ ಬಾಡಿಗೆ ಕೊಡುವ ಮನೆಗಳಿವೆ. ಕೋಟೆ ಅಂತ ತೋರಿಸುವುದಕ್ಕೆ ಆ ಗೋಡೆಯೊಂದೇ.

"ದೆವ್ವ ಇದೆಯಾ?" ಅಂತ ಕೇಳಿದೆ. ಆ ಹೊತ್ತಿಗೆ ನನಗೆ ಅದೇ ಚಟವಾಗಿತ್ತು. ಆ ದೇಶದಲ್ಲಿ ದೆವ್ವವಿಲ್ಲದ ಕೋಟೆಗೆ ಮರ್ಯಾದೆಯೇ ಇಲ್ಲ. ಅಬರ್ಡೀನ್ ಕಡೆಯ ಫೈವಿ ಕೋಟೆಯಲ್ಲಿ ಒಂದು ಕಿಟಕಿಯ ಹೊರಗಲ್ಲಿನ ಮೇಲೆ, ಏಣಿಗೂ ಎಟುಕದ ಎತ್ತರದಲ್ಲಿ, ಲಿಲಿಯಸ್ ಡ್ರಮಂಡ್ ಎಂಬ ಹೆಂಗಸಿನ ಹೆಸರು ಕೆತ್ತಿದೆ. ಬರೀ ಹೆಣ್ಣುಮಕ್ಕಳನ್ನು ಹೆತ್ತಳು ಅಂತ ಗಂಡ ಕಡೆಗಣಿಸಿದ, ಅವಳು 1601ರಲ್ಲಿ ಸತ್ತಳು, ಅದೇ ವರ್ಷ ಅವನು ಇನ್ನೊಂದು ಮದುವೆಯಾದ. ಮದುವೆಯ ರಾತ್ರಿ ಇವಳೇ ಬಂದು ಹೆಸರು ಕೆತ್ತಿ ಹೋದಳಂತೆ. ನಾನಾಗಿದ್ದರೆ ಹೆಸರು ಕೆತ್ತುವಷ್ಟಕ್ಕೆ ಬಿಡುತ್ತಿರಲಿಲ್ಲ.

ಬ್ರಾಹನ್‌ನಲ್ಲಿ ಅಂಥ ದೆವ್ವ ಇಲ್ಲ. ಇಲ್ಲಿರುವುದು ಒಂದು ಶಾಪ. ನಮ್ಮ ಕಡೆಯ ಮಾತಿನಲ್ಲಿ ಕಾಲಜ್ಞಾನ ಅಂದರೂ ಆದೀತು.

ಕಥೆ ಹೀಗಿದೆ. ಆ ಸೀಮೆಯಲ್ಲಿ ಕೊನ್ಯಾಕ್ ಓರ್ ಎಂಬ ಕೂಲಿಯವನಿದ್ದ. ಓರ್ ಅಂದರೆ ಅವರ ಗೇಲಿಕ್ ಭಾಷೆಯಲ್ಲಿ ಮಾಸಲು ಬಣ್ಣದವನು. ಅವನ ಹತ್ತಿರ ನಡುವೆ ತೂತಿದ್ದ ಒಂದು ಕಲ್ಲಿತ್ತು. ಅದರೊಳಗೆ ಕಣ್ಣಿಟ್ಟರೆ ಮುಂದಾಗುವುದು, ದೂರದಲ್ಲಿ ಆಗುತ್ತಿರುವುದು ಎಲ್ಲ ಕಾಣುತ್ತಿತ್ತು. ಮೂರನೇ ಸೀಫೋರ್ತ್ ದೊರೆ ಕೆನೆತ್ ರಾಜನ ಕೆಲಸಕ್ಕೆಂದು ಪ್ಯಾರಿಸ್‌ಗೆ ಹೋದ. ಹೋದವನ ಸುದ್ದಿಯೇ ಇಲ್ಲ. ಹೆಂಡತಿ ಇಸಬೆಲ್ಲಾ ಕೊನ್ಯಾಕ್‌ನನ್ನು ಕರೆಸಿದಳು. ಅವನು ಕಲ್ಲಿನೊಳಗೆ ನೋಡಿ ನಕ್ಕ. ದೊರೆ ಚೆನ್ನಾಗಿದ್ದಾರೆ, ಅಷ್ಟು ಸಾಕಲ್ವಾ ಅಂದ. ಅವಳು ಬಿಡಲಿಲ್ಲ. ನೆರೆದ ಜನರ ಎದುರೇ ಒತ್ತಾಯ ಮಾಡಿದಳು. ಕೊನೆಗೆ ಅವನು ಕಂಡದ್ದು ಕಂಡ ಹಾಗೆ ಹೇಳಿದ: ದೊರೆ ಒಬ್ಬ ಚೆಲುವೆಯ ಮುಂದೆ ಮಂಡಿಯೂರಿ ಕೂತಿದ್ದಾನೆ.

ಗಂಡ ದೂರದಲ್ಲಿದ್ದ, ಹೇಳಿದವನು ಕೈಗೆ ಸಿಕ್ಕಿದ. ಮಾಟಗಾರ ಅಂತ ಅವನ ಮೇಲೆ ತೀರ್ಪಾಯಿತು. ಫೋರ್ಟ್ರೋಸ್ ಹತ್ತಿರ, ಸಮುದ್ರದೊಳಕ್ಕೆ ಚಾಚಿಕೊಂಡ ಚಾನನ್ರಿ ಪಾಯಿಂಟಿನಲ್ಲಿ, ಟಾರಿನ ಪೀಪಾಯಿಯೊಳಗೆ ಅವನನ್ನು ಸುಟ್ಟರು. ಸಾಯುವ ಮೊದಲು ಅವನು ಆ ಮನೆತನದ ಮುಂದಿನದನ್ನು ಹೇಳಿದ. ಕಡೆಯ ಯಜಮಾನ ಕಿವುಡನೂ ಮೂಗನೂ ಆಗಿರುತ್ತಾನೆ. ನಾಲ್ಕು ಗಂಡುಮಕ್ಕಳು ಹುಟ್ಟಿ, ನಾಲ್ವರೂ ಅವನ ಕಣ್ಣೆದುರೇ ಹೋಗುತ್ತಾರೆ. ಆಸ್ತಿ ಪೂರ್ವ ದಿಕ್ಕಿನಿಂದ ಬರುವ ಬಿಳಿ ಮುಸುಕಿನ ಹುಡುಗಿಯ ಪಾಲಾಗುತ್ತದೆ. ಅವಳು ತನ್ನ ತಂಗಿಯನ್ನು ಕೊಲ್ಲುತ್ತಾಳೆ. ಗುರುತಿಗೆ ಇರಲಿ ಅಂತ ಇನ್ನೂ ನಾಲ್ಕು ಮಾತು ಸೇರಿಸಿದ. ಆ ಕಾಲಕ್ಕೆ ಗೇರ್‌ಲಾಕ್‌ನ ದೊರೆ ಉಬ್ಬುಹಲ್ಲಿನವನು, ಚಿಸಮ್‌ನವನು ಸೀಳುತುಟಿಯವನು, ಗ್ರಾಂಟ್ ಅರೆಮರುಳ, ರಾಸೇ ದ್ವೀಪದವನು ತೊದಲ. ಕಲ್ಲನ್ನು ಬ್ರಾಹನ್ ಪಕ್ಕದ ಲಾಕ್ ಅಸ್ಸಿ ಎಂಬ ಕೆರೆಗೆ ಎಸೆದ. ಯಾರಿಗೆ ಸಿಗುತ್ತದೋ ಅವರಿಗೆ ಆ ಕಣ್ಣು ಬರುತ್ತದಂತೆ.

ಇದನ್ನು ಕೇಳಿದ ಯಾವ ಕನ್ನಡದವರಿಗೂ ಅಲಮೇಲಮ್ಮ ನೆನಪಾಗದೆ ಇರುವುದಿಲ್ಲ. ಒಡವೆ ಸಮೇತ ಮಡುವಿಗೆ ಹಾರಿದವಳು, ದೊರೆಗಳಿಗೆ ಮಕ್ಕಳಾಗದೆ ಹೋಗಲಿ ಅಂದವಳು. ನನಗೂ ಅದೇ ನೆನಪಾಯಿತು. ಆದರೆ ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮೊದಲು ಕಥೆಯ ಕಾಲನ್ನು ಸ್ವಲ್ಪ ಎಳೆದು ನೋಡೋಣ. ಇಸಬೆಲ್ಲಾ ನಿಜವಾಗಿ ಇದ್ದವಳು, 1660ರ ಆಸುಪಾಸಿನವಳು. ಆ ಕಾಲದಲ್ಲಿ ಮಾಟಗಾತಿಯರ ವಿಚಾರಣೆಗಳು ಬೇಕಾದಷ್ಟು ನಡೆದು, ದಾಖಲೆಗಳೂ ಉಳಿದಿವೆ. ಅವುಗಳಲ್ಲಿ ಕೊನ್ಯಾಕ್ ಓರ್ ಇಲ್ಲ. ಅವನ ಹೆಸರು ಸಿಗುವುದು ಇನ್ನೂ ಹಿಂದೆ, 1577 ಮತ್ತು 1578ರ ಸರ್ಕಾರಿ ಆದೇಶಗಳಲ್ಲಿ. ಅಲ್ಲಿ ಅವನು ಮಾಟಗಾರರ ಮುಖಂಡ, ಹಿಡಿದು ತನ್ನಿ ಎಂದಿದೆ. ಅದು ಮನ್ರೋ ಮನೆತನದ ಒಬ್ಬ ದೊಡ್ಡ ಹೆಂಗಸಿನ ವಿಷಪ್ರಯೋಗದ ಪ್ರಕರಣಕ್ಕೆ ಸೇರಿದ್ದು. ಅಂದರೆ ಕಥೆ ಹೇಳುವ ಜನ ಯಾವುದೋ ಕಾಲದ ಒಬ್ಬ ಮಂತ್ರವಾದಿಯನ್ನು ಎಂಬತ್ತು ತೊಂಬತ್ತು ವರ್ಷ ಈಚೆಗೆ ತಂದು, ಬೇರೆ ಮನೆಯ ಅಂಗಳದಲ್ಲಿ ನಿಲ್ಲಿಸಿ, ಬೇರೆಯವಳ ಕೈಯಲ್ಲಿ ಸುಡಿಸಿದ್ದಾರೆ. ಪಾಪ ಇಸಬೆಲ್ಲಾ! ಅವಳ ಹೆಸರು ಕೆಟ್ಟದ್ದು ಕೆಟ್ಟಿತು.

ಕಥೆಗಳನ್ನೆಲ್ಲ ಸೇರಿಸಿ ಅಲೆಕ್ಸಾಂಡರ್ ಮೆಕೆಂಝಿ ಎಂಬುವರು ಪುಸ್ತಕ ಮಾಡಿದ್ದು 1877ರಲ್ಲಿ. ಆ ಹೊತ್ತಿಗೆ ನಡೆಯಬೇಕಾದ್ದೆಲ್ಲ ನಡೆದಾಗಿತ್ತು. ಇನ್‌ವರ್ನೆಸ್‌ನ ಗುಡ್ಡದ ಹಿಂದೆ ಹಡಗುಗಳು ಹೋಗುತ್ತವೆ ಎಂದು ಕೊನ್ಯಾಕ್ ಹೇಳಿದ್ದನಂತೆ. ಅಲ್ಲಿ ಕ್ಯಾಲೆಡೋನಿಯನ್ ಕಾಲುವೆ ತೆರೆದದ್ದು 1822ರಲ್ಲಿ. ಫೇರ್‌ಬರ್ನ್ ಗೋಪುರದ ತುದಿಕೋಣೆಯಲ್ಲಿ ಹಸು ಕರು ಹಾಕುತ್ತದೆ ಅಂದಿದ್ದನಂತೆ. ಪಾಳುಬಿದ್ದು ಹುಲ್ಲು ತುಂಬುವ ಜಾಗವಾಗಿದ್ದ ಆ ಗೋಪುರದಲ್ಲಿ, ಉದುರಿದ ಹುಲ್ಲು ತಿನ್ನುತ್ತ ತಿನ್ನುತ್ತ ಮೆಟ್ಟಿಲು ಹತ್ತಿದ ಹಸುವೊಂದು 1851ರಲ್ಲಿ ಮೇಲೆಯೇ ಕರು ಹಾಕಿತು ಎನ್ನುತ್ತಾರೆ. ಹತ್ತಿದ ಹಸುವನ್ನು ಇಳಿಸುವುದು ಎಷ್ಟು ಕಷ್ಟ ಅಂತ ಹಟ್ಟಿ ನೋಡಿದವರಿಗೆ ಗೊತ್ತು. ಈಗ ಆ ಗೋಪುರವನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್‌ನವರು ಚೆಂದಾಗಿ ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತಾರೆ. ದುಡ್ಡಿದ್ದರೆ ನೀವೂ ಹೋಗಿ ಮಲಗಬಹುದು.

ಆಗಿಹೋದದ್ದಕ್ಕೆ ಆಮೇಲೆ ಭವಿಷ್ಯ ಹೊಲಿದದ್ದು ಅಂತ ಇಷ್ಟಕ್ಕೇ ಮಡಿಸಿಡುವವಳಿದ್ದೆ. ಆದರೆ ಒಂದು ಮಾತು ಅಡ್ಡ ಬರುತ್ತದೆ. ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನ ಗೆಳೆಯ ಮಾರಿಟ್ ಎಂಬಾತ ಹೇಳಿದ್ದು: ಕಡೆಯ ಸೀಫೋರ್ತ್‌ನ ಇಬ್ಬರು ಗಂಡುಮಕ್ಕಳು ಗಟ್ಟಿಮುಟ್ಟಾಗಿ ಬದುಕಿದ್ದಾಗಲೇ ಈ ಮಾತನ್ನು ಆ ಸೀಮೆಯಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ. ಹಾಗಾದರೆ ಆ ಮಕ್ಕಳು ಓಡಾಡಿಕೊಂಡಿದ್ದಾಗಲೇ ಊರಿನ ಬಾಯಲ್ಲಿ ಅವರ ಸಾವು ಓಡಾಡುತ್ತಿತ್ತು. ನನಗೆ ನಡುಕ ಬಂದದ್ದು ಇದನ್ನು ಓದಿದಾಗ. ದೆವ್ವದ ಕಥೆಗಳಲ್ಲೆಲ್ಲ ನನಗೆ ಇಂಥ ನಡುಕ ಬಂದಿರಲಿಲ್ಲ.

ಆ ಕಡೆಯ ದೊರೆಯ ಹೆಸರು ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಝಿ. ಹುಟ್ಟಿದ್ದು 1754ರಲ್ಲಿ. ಹುಡುಗನಾಗಿದ್ದಾಗ ಸ್ಕಾರ್ಲೆಟ್ ಜ್ವರ ಬಂದು ಕಿವಿ ಹೋಯಿತು. ಎಡಿನ್‌ಬರೋದಲ್ಲಿ ಥಾಮಸ್ ಬ್ರೈಡ್‌ವುಡ್ ಎಂಬ ಮೇಷ್ಟ್ರು 1760ರಲ್ಲಿ ಕಿವುಡ ಮಕ್ಕಳಿಗೆಂದೇ ಶಾಲೆ ತೆರೆದಿದ್ದ. ಬ್ರಿಟನ್ನಿನಲ್ಲಿ ಅಂಥದ್ದು ಅದೇ ಮೊದಲು. ಫ್ರಾನ್ಸಿಸ್ ಅಲ್ಲಿ ಕಲಿತ. ಹತ್ತಿರದವರು ಅವನೊಂದಿಗೆ ಬೆರಳಿನ ಅಕ್ಷರಗಳಲ್ಲಿ ಮಾತಾಡುತ್ತಿದ್ದರು. ಅವನು ಪಾರ್ಲಿಮೆಂಟಿಗೆ ಹೋದ. 1793ರಲ್ಲಿ 78ನೇ ಹೈಲ್ಯಾಂಡ್ ರೆಜಿಮೆಂಟ್ ಕಟ್ಟಿದ. ಗಿಡಮರಗಳ ಶಾಸ್ತ್ರದಲ್ಲಿ ಆಸಕ್ತಿಯಿದ್ದವನು, ರಾಯಲ್ ಸೊಸೈಟಿಯ ಸದಸ್ಯ. 1801ರಿಂದ 1806ರವರೆಗೆ ಬಾರ್ಬೆಡೋಸ್ ದ್ವೀಪದ ಗವರ್ನರ್. ಇಷ್ಟೆಲ್ಲ ಮಾಡಿದವನು ಕಥೆಯಲ್ಲಿ ಉಳಿದಿರುವುದು 'ಕಿವುಡ-ಮೂಗ' ಎಂಬ ಒಂದು ಗುರುತಾಗಿ. ಉಬ್ಬುಹಲ್ಲು, ಸೀಳುತುಟಿ, ತೊದಲುಗಳ ಸಾಲಿನಲ್ಲಿ. ಹಳೇ ಕಾಲದವರು ಮೈಯ ಕೊರತೆಯನ್ನೆಲ್ಲ ಶಾಪದ ಲೆಕ್ಕಕ್ಕೆ ಬರೆದುಬಿಡುತ್ತಿದ್ದರು. ಈಗಿನವರೂ ಏನು ಕಮ್ಮಿಯಿಲ್ಲ.

ಅಂದಹಾಗೆ ಅವನು ದೇವರಂಥ ಮನುಷ್ಯ ಅಂತಲೂ ಅಲ್ಲ. ಬಾರ್ಬೆಡೋಸ್‌ನಲ್ಲಿ ಗುಲಾಮರನ್ನು ಕೊಂದರೆ ದಂಡ ಕಟ್ಟಿ ಹೋಗಬಹುದಿತ್ತು. ಅದನ್ನು ಕೊಲೆಯೆಂದೇ ಎಣಿಸಿ ಶಿಕ್ಷಿಸಬೇಕು ಅಂತ ಹಟ ಹಿಡಿದು, ಅಲ್ಲಿನ ತೋಟದ ಧಣಿಗಳ ಸಿಟ್ಟು ಕಟ್ಟಿಕೊಂಡು, 1805ರಲ್ಲಿ ಕಾನೂನು ಮಾಡಿಸಿದ. ಅದೇ ಮನುಷ್ಯ ಬರ್ಬೀಸ್‌ನಲ್ಲಿ, ಈಗಿನ ಗಯಾನಾದಲ್ಲಿ, ಗುಲಾಮರನ್ನು ಇಟ್ಟುಕೊಂಡೇ ಹತ್ತಿಯ ತೋಟ ಮಾಡಿಸುತ್ತಿದ್ದ. ಆ ತೋಟಗಳು ಕೈ ಹಿಡಿಯಲಿಲ್ಲ, ಸಾಲ ಬೆಳೆಯಿತು. ಮನೆ ಮುಳುಗಿದ್ದಕ್ಕೆ ಕಾರಣ ಹುಡುಕುವವರು ಟಾರಿನ ಪೀಪಾಯಿಯನ್ನು ನೋಡುವ ಬದಲು ಈ ಲೆಕ್ಕದ ಪುಸ್ತಕ ನೋಡಬಹುದು. ಆದರೆ ಲೆಕ್ಕದ ಪುಸ್ತಕವನ್ನು ಯಾರೂ ಒಲೆಯ ಮುಂದೆ ಕೂತು ಮೊಮ್ಮಕ್ಕಳಿಗೆ ಹೇಳುವುದಿಲ್ಲ ನೋಡಿ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿಸ್ ಯಜಮಾನನಾಗಬೇಕಾದವನೇ ಅಲ್ಲ. ಅವನು ತಮ್ಮ.

ಅದಕ್ಕೂ ಮುಂಚಿನ ದೊರೆ ಇನ್ನೊಬ್ಬ ಕೆನೆತ್. ಅವನು 1778ರಲ್ಲಿ ತನ್ನ ಸೀಮೆಯ ಗಂಡಸರನ್ನು ಸೇರಿಸಿ ಒಂದು ರೆಜಿಮೆಂಟ್ ಕಟ್ಟಿದ. ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ್ದಾರೆ ಎಂಬ ಸುದ್ದಿ ಹಬ್ಬಿ, ಬಾಕಿ ಸಂಬಳದ ಸಿಟ್ಟೂ ಸೇರಿ, ಆ ಸಿಪಾಯಿಗಳು ಎಡಿನ್‌ಬರೋದ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತುಬಿಟ್ಟರು. ಹೇಗೋ ಸಮಾಧಾನ ಮಾಡಿ ಇಳಿಸಿದರು. 1781ರಲ್ಲಿ ಅವರನ್ನು ಕಳಿಸಿದ್ದು ಮಾತ್ರ ಇಂಡಿಯಾಕ್ಕೇ. ದೊರೆ ದಾರಿಯಲ್ಲೇ ಸತ್ತ. ಮದ್ರಾಸು ಮುಟ್ಟುವುದರೊಳಗೆ ಇನ್ನೂರಕ್ಕೂ ಹೆಚ್ಚು ಸಿಪಾಯಿಗಳು ಸ್ಕರ್ವಿ ರೋಗಕ್ಕೆ ಹೋದರು. ಅವರ ಹೆಸರಲ್ಲಿ ಯಾವ ಭವಿಷ್ಯವೂ ಇಲ್ಲ.

ಸಾಲದಲ್ಲಿದ್ದ ಈ ಕೆನೆತ್ 1779ರಲ್ಲೇ ಆಸ್ತಿಯನ್ನೆಲ್ಲ ದಾಯಾದಿ ಥಾಮಸ್ ಹಂಬರ್‌ಸ್ಟನ್‌ಗೆ ಒಂದು ಲಕ್ಷ ಪೌಂಡಿಗೆ ಮಾರಿದ್ದ. ಫ್ರಾನ್ಸಿಸ್‌ನ ಅಣ್ಣ ಈ ಥಾಮಸ್. ಕಿವಿ ಕೇಳುತ್ತಿತ್ತು, ಇಪ್ಪತ್ತರ ಹರೆಯ, ಸೈನ್ಯದಲ್ಲಿ ದೊಡ್ಡ ಹುದ್ದೆ. ಇವನೂ ಇಂಡಿಯಾಕ್ಕೆ ಬಂದ. 1782ರಲ್ಲಿ ಮಲಬಾರಿನಲ್ಲಿ ಇಳಿದು ಹೈದರನ ಸೈನ್ಯದ ಜೊತೆ ಕಾದಿದ. ಆ ವರ್ಷದ ಕೊನೆಗೆ ಪೊನ್ನಾನಿಯಲ್ಲಿ ಟಿಪ್ಪು ಇವರನ್ನು ಮುತ್ತಿದ್ದಾಗಲೇ ಹೈದರ್ ತೀರಿಕೊಂಡ ಸುದ್ದಿ ಬಂದು, ಟಿಪ್ಪು ವಾಪಸು ಹೊರಟ. ಆಮೇಲೆ ಜನರಲ್ ಮ್ಯಾಥ್ಯೂಸ್‌ನ ದಂಡು ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ 1783ರ ಜನವರಿಯಲ್ಲಿ ಬಿದನೂರು ಹಿಡಿಯಿತು. ಆ ದಂಡಯಾತ್ರೆಯಲ್ಲಿ ಥಾಮಸ್ ಇದ್ದ.

ಬಿದನೂರು ಅಂದರೆ ನಗರ. ನಮ್ಮ ಹೊಸನಗರ ತಾಲ್ಲೂಕಿನ ನಗರ. ನಾನು ಹುಟ್ಟಿ ಬೆಳೆದದ್ದು ಆ ಕೋಟೆಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ಅಲ್ಲಿನ ಅಕ್ಕ-ತಂಗಿ ಕೊಳದ ಮೆಟ್ಟಿಲ ಮೇಲೆ ಕೂತು ಬುತ್ತಿ ತಿಂದಿದ್ದೇನೆ. ಕೋಟೆಯಲ್ಲಿ ನಿಧಿ ಇದೆ, ಕಾವಲಿಗೆ ಸರ್ಪ ಇದೆ ಅಂತ ಅಜ್ಜಿ ಹೇಳುತ್ತಿದ್ದರು. ಬ್ರಾಹನ್‌ನ ಆ ಗೋಡೆ ಪಕ್ಕದಲ್ಲಿ ನಿಂತು ಫೋನಿನಲ್ಲಿ ಓದುತ್ತಿದ್ದವಳು ಬಿದನೂರಿನ ಹೆಸರು ಕಂಡ ತಕ್ಷಣ ಜೋರಾಗಿ "ಅಯ್ಯೋ!" ಅಂದೆ. ಮಗಳು ಗಾಬರಿಯಾಗಿ ಓಡಿ ಬಂದಳು. ದೆವ್ವ ಸಿಕ್ಕಿತು ಅಂದುಕೊಂಡಳೋ ಏನೋ.

ನಿಧಿಯ ಮಾತು ಪೂರ್ತಿ ಸುಳ್ಳಲ್ಲ. ಬಿದನೂರಿನ ಖಜಾನೆ ದೊಡ್ಡದಿತ್ತು. ಅದರ ಹಂಚಿಕೆಯಲ್ಲಿ ರಾಜನ ಸೈನ್ಯದ ಅಧಿಕಾರಿಗಳಿಗೂ ಮ್ಯಾಥ್ಯೂಸ್‌ಗೂ ಜಗಳ ಹತ್ತಿತು. ಥಾಮಸ್ ಮತ್ತು ಇನ್ನಿಬ್ಬರು ಅಧಿಕಾರಿಗಳು ಮ್ಯಾಥ್ಯೂಸ್ ಮೇಲೆ ದೂರು ಹೇಳಲು ಬೊಂಬಾಯಿಗೆ ಹೋದರು. ದೂರು ಗೆದ್ದಿತು, ಮ್ಯಾಥ್ಯೂಸ್‌ನ ಅಧಿಕಾರ ಹೋಯಿತು. ಆದರೆ ವಾಪಸು ಬರುವಾಗ, 1783ರ ಏಪ್ರಿಲ್‌ನಲ್ಲಿ, ಇವರಿದ್ದ ರೇಂಜರ್ ಎಂಬ ಹಡಗಿನ ಮೇಲೆ ಮರಾಠರ ನೌಕೆಗಳು ಬಿದ್ದವು. ಮರಾಠರಿಗೂ ಇಂಗ್ಲಿಷರಿಗೂ ಆಗಲೇ ಸಂಧಿಯಾಗಿತ್ತು, ಆದರೂ ಬಿದ್ದವು. ಗಾಯಗೊಂಡ ಥಾಮಸ್ ವಿಜಯದುರ್ಗದಲ್ಲಿ ಏಪ್ರಿಲ್ 30ರಂದು ಸತ್ತ. ಅದೇ ಹೊತ್ತಿಗೆ ಟಿಪ್ಪು ಬಿದನೂರನ್ನು ವಾಪಸು ಪಡೆದ. ಮ್ಯಾಥ್ಯೂಸ್ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಸತ್ತ.

ಹೀಗೆ ಬ್ರಾಹನ್ ಆ ಕಿವುಡ ತಮ್ಮನಿಗೆ ಬಂತು. ಥಾಮಸ್ ಬದುಕಿದ್ದರೆ ಕಿವುಡ ದೊರೆಯೇ ಇಲ್ಲ, ಭವಿಷ್ಯದ ಮೊದಲ ಸಾಲೇ ಸುಳ್ಳು. ಆ ಸಾಲು ನಿಜವಾದದ್ದು ನಮ್ಮ ಘಟ್ಟದ ಮೇಲಿನ ಒಂದು ಖಜಾನೆಯ ಜಗಳದಿಂದ. ಬ್ರಾಹನ್ ಶಾಪದ ಕಥೆ ಹೇಳುವ ಎಷ್ಟೋ ಕಡೆ ಹುಡುಕಿದೆ. ಬಿದನೂರಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಕಲ್ಲಿನೊಳಗೆ ಕಣ್ಣಿಟ್ಟ ಕೊನ್ಯಾಕ್‌ಗೂ ಅದು ಕಂಡಿರಲಿಲ್ಲ.

ಫ್ರಾನ್ಸಿಸ್ ಮನೆಗೆ ಬೆಲೆಬಾಳುವ ವಸ್ತುಗಳನ್ನು ತರಲು ಶುರುಮಾಡಿದ. ಅದರಲ್ಲಿ ದೊಡ್ಡದು, ಅಕ್ಷರಶಃ ದೊಡ್ಡದು, ಬೆಂಜಮಿನ್ ವೆಸ್ಟ್ 1786ರಲ್ಲಿ ಬರೆದುಕೊಟ್ಟ ಚಿತ್ರ. ಹನ್ನೆರಡು ಅಡಿ ಎತ್ತರ, ಹದಿನೇಳು ಅಡಿ ಅಗಲ. ಬೇಟೆಯಲ್ಲಿ ಕುದುರೆಯಿಂದ ಬಿದ್ದ ರಾಜ ಮೂರನೇ ಅಲೆಕ್ಸಾಂಡರ್, ಮೇಲೆರಗುವ ಸಾರಂಗ, ಈಟಿ ಹಿಡಿದು ಕಾಪಾಡುವ ಕಾಲಿನ್ ಫಿಟ್ಜ್‌ಜೆರಾಲ್ಡ್. ಮೆಕೆಂಝಿಗಳ ಮೂಲಪುರುಷ ಅವನು, ಕುಲದ ಗುರುತಾದ ಸಾರಂಗದ ತಲೆ ಬಂದದ್ದು ಅಲ್ಲಿಂದಲೇ ಎಂದು ಅವರ ನಂಬಿಕೆ. ಆ ಮೂಲಪುರುಷನ ಕಥೆಯೇ ಹದಿನೇಳನೇ ಶತಮಾನದಲ್ಲಿ ಕಟ್ಟಿದ್ದು ಎನ್ನುತ್ತಾರೆ ಇತಿಹಾಸಕಾರರು. ಮನೆಯ ಕೊನೆಗೆ ಒಂದು ಕಟ್ಟುಕಥೆ, ಮೊದಲಿಗೆ ಇನ್ನೊಂದು. ಚಿತ್ರ ಈಗ ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾನು ನೋಡಿದೆ. ಸಾರಂಗದ ಕಣ್ಣು ಮನುಷ್ಯರ ಕಣ್ಣಿಗಿಂತ ಜೀವಂತವಾಗಿದೆ.

ಉಳಿದದ್ದು ಒಂದೊಂದಾಗಿ ಹೋಯಿತು. ಜಮೀನು ಹೋಯಿತು. ಗಂಡುಮಕ್ಕಳು ಹೋದರು. ಕೊನೆಗೆ ಉಳಿದಿದ್ದ ವಿಲಿಯಂ 1814ರಲ್ಲಿ ತೀರಿಕೊಂಡ. ಆಮೇಲೆ ಫ್ರಾನ್ಸಿಸ್ ಬಾಯಿಬಿಟ್ಟು ಮಾತಾಡುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿದ ಎನ್ನುತ್ತಾರೆ. 1815ರ ಜನವರಿ 11ರಂದು ಅವನೂ ಹೋದ. ಭವಿಷ್ಯದ 'ಮೂಗ' ಎಂಬ ಮಾತು ಹೊಂದಿದ್ದು ಹೀಗೆ. ಮಕ್ಕಳನ್ನು ಮಣ್ಣು ಮಾಡಿದ ಅಪ್ಪನ ಬಾಯಿ ಕಟ್ಟಿಹೋದದ್ದನ್ನು ಜನ ಗುರುತು ಕೂಡಿಬಂತು ಅಂತ ಎಣಿಸಿಕೊಂಡರು.

ನನಗೆ ಕಾಡುವುದು ಬೇರೆ ಒಂದು ಪ್ರಶ್ನೆ. ಊರಿಗೆ ಊರೇ ಆಡಿಕೊಳ್ಳುತ್ತಿದ್ದ ಮಾತನ್ನು ಯಾರಾದರೂ ಅವನಿಗೆ ಬೆರಳಿನಲ್ಲಿ ಹೇಳಿದ್ದರೇ? ಅಕ್ಷರ ಅಕ್ಷರವಾಗಿ, 'ನಾ-ಲ್ಕೂ' ಅಂತ? ಅವನೆದುರು ಬೆರಳು ತಡೆದು ನಿಂತಿರಬೇಕು ಅಂತಲೇ ನನಗನಿಸುತ್ತದೆ. ಕಿವಿ ಕೇಳದಿದ್ದದ್ದು ಆ ಒಂದು ವಿಷಯಕ್ಕಾದರೂ ಅವನನ್ನು ಕಾಪಾಡಿರಲಿ.

ಹಿರಿಯ ಮಗಳು ಮೇರಿ. ಅವಳು ಬಾರ್ಬೆಡೋಸ್‌ನಲ್ಲಿ 1804ರಲ್ಲಿ ಅಡ್ಮಿರಲ್ ಸ್ಯಾಮ್ಯುಯೆಲ್ ಹುಡ್‌ನನ್ನು ಮದುವೆಯಾಗಿದ್ದಳು. ಹುಡ್ ನೌಕಾಪಡೆಯ ಮುಖ್ಯಸ್ಥನಾಗಿ ಮದ್ರಾಸಿಗೆ ಬಂದ. 1814ರ ಡಿಸೆಂಬರ್ 24ರಂದು ಅಲ್ಲೇ ಸತ್ತ. ಅಪ್ಪ ಸಾಯುವುದಕ್ಕೆ ಹದಿನೆಂಟು ದಿನ ಮುಂಚೆ. ಒಂದೇ ತಿಂಗಳೊಳಗೆ ಗಂಡನೂ ಇಲ್ಲ, ಅಪ್ಪನೂ ಇಲ್ಲ. ಮೂವತ್ತೊಂದು ವರ್ಷದ ಹೆಂಗಸು ವಿಧವೆಯರ ಬಿಳಿ ಮುಸುಕು ಹಾಕಿಕೊಂಡು ಬ್ರಾಹನ್‌ಗೆ ಬಂದಳು. ಪೂರ್ವದಿಂದ ಬಂದ ಬಿಳಿ ಮುಸುಕಿನ ಹುಡುಗಿ! ಊರಿನವರು ಅವಳನ್ನು ನೋಡಿದ ನೋಟ ಹೇಗಿದ್ದಿರಬಹುದು. ಅವಳಿಗೆ ತಂಗಿಯರಿದ್ದರು ಬೇರೆ.

ಆಮೇಲೆ ಇನ್ನೊಂದು ಮದುವೆಯಾದಳು. ಎರಡನೇ ಗಂಡ ಮುಂದೆ ಸಿಲೋನಿನ ಗವರ್ನರ್ ಆದ. ಸಾಲ ಮಾತ್ರ ತೀರಲಿಲ್ಲ. ಮನೆತನದ ಕೈಯಲ್ಲಿದ್ದ ಲೂಯಿಸ್ ದ್ವೀಪವನ್ನು 1844ರಲ್ಲಿ ಜೇಮ್ಸ್ ಮ್ಯಾಥೆಸನ್‌ಗೆ ಮಾರಿದರು. ಚೀನಾಕ್ಕೆ ಅಫೀಮು ಸಾಗಿಸಿ ಹಣ ಮಾಡಿದವನು ಅವನು.

ಲೂಯಿಸ್ ಅಂದಾಗ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಕಾಲಿನ್ ಮೆಕೆಂಝಿ ಹುಟ್ಟಿದ್ದು ಆ ದ್ವೀಪದ ಸ್ಟಾರ್ನವೇಯಲ್ಲಿ, ಸೀಫೋರ್ತ್ ದೊರೆಗಳ ಒಕ್ಕಲಲ್ಲಿ. ಇಂಡಿಯಾಕ್ಕೆ ಬರಲು ಅವನಿಗೆ ಆ ಮನೆಯ ಆಸರೆ ಸಿಕ್ಕಿತ್ತು. 1799ರ ನಂತರ ಮೈಸೂರು ಸೀಮೆಯನ್ನೆಲ್ಲ ಸರ್ವೆ ಮಾಡಿದವನು, ಊರೂರಿನ ಕೈಫಿಯತ್ತುಗಳನ್ನು ಬರೆಸಿ ಸೇರಿಸಿದವನು ಇವನೇ. ಶಾಸನ ಓದಲು ಜೊತೆಗಿದ್ದ ಜೈನ ಪಂಡಿತ ಧರ್ಮಯ್ಯ ಕನ್ನಡದವರು. ಯಾವ ಊರಿನ ದೇವರು ಯಾರಿಗೆ ಕನಸಲ್ಲಿ ಬಂತು, ಯಾವ ಪಾಳೆಯಗಾರನ ಮನೆ ಯಾಕೆ ಹಾಳಾಯಿತು, ಎಲ್ಲ ಇವತ್ತು ಓದಲು ಸಿಗುವುದು ಅವರೆಲ್ಲ ಪಟ್ಟ ಶ್ರಮದಿಂದ. ಇಲ್ಲಿ ಅದೆಲ್ಲ ಕಾಗದಕ್ಕೆ ಇಳಿಯುತ್ತಿದ್ದ ಆ ವರ್ಷಗಳಲ್ಲೇ ಅವನ ಸ್ವಂತ ದೊರೆಯ ಮನೆಯ ಭವಿಷ್ಯ ಬಾಯಿಂದ ಬಾಯಿಗೆ ಓಡುತ್ತಿತ್ತು. ಅಲ್ಲಿ ಬರೆಸಿಡುವವರು ಯಾರೂ ಹೋಗಲಿಲ್ಲ. ಹೋಗಿದ್ದರೆ ಯಾವ ಮಾತು ಮೊದಲು ಬಂದದ್ದು, ಯಾವುದು ಆಮೇಲೆ ಸೇರಿದ್ದು ಅಂತ ಗೊತ್ತಾಗುತ್ತಿತ್ತು.

ಲಾಕ್ ಅಸ್ಸಿಗೂ ಹೋಗಿದ್ದೆವು. ತಾವರೆಯಂಥ ಎಲೆ ತೇಲುತ್ತಿದ್ದ ಸಣ್ಣ ಕೆರೆ. ಸುಮ್ನೆ ಕಣ್ಣು ದಡದ ಕಲ್ಲುಗಳ ಮೇಲೆ ಓಡಿತು. ಇಷ್ಟೆಲ್ಲ ತರ್ಕ ಮಾಡಿದವಳ ಕಣ್ಣೇ ಅದು. ಚಾನನ್ರಿ ಪಾಯಿಂಟಿನಲ್ಲಿ ಕೊನ್ಯಾಕ್‌ನ ಹೆಸರಿನ ಕಲ್ಲಿದೆ, ಆದರೆ ಜನ ಅಲ್ಲಿಗೆ ಬರುವುದು ಡಾಲ್ಫಿನ್ ನೋಡಲು.

ಕೊನೆಗೆ ನೋಡಿದ್ದು ಬ್ರಾಹನ್ ಹತ್ತಿರ ರಸ್ತೆಬದಿಯಲ್ಲಿರುವ ಸ್ಮಾರಕ. 1823ರಲ್ಲಿ ಮೇರಿ ತಂಗಿ ಕ್ಯಾರೊಲೈನ್‌ಳನ್ನು ಕೂರಿಸಿಕೊಂಡು ಕುದುರೆಗಾಡಿ ತಾನೇ ಹೊಡೆಯುತ್ತಿದ್ದಳು. ಕುದುರೆಗಳು ಬೆದರಿ ಓಡಿದವು. ಇಬ್ಬರೂ ಕೆಳಗೆ ಬಿದ್ದರು. ಮೇರಿ ಬದುಕಿದಳು. ತಂಗಿ ಆ ಪೆಟ್ಟಿನಿಂದ ಸತ್ತಳು. ಮೇರಿ ಆಮೇಲೆ ಸುಮಾರು ನಲವತ್ತು ವರ್ಷ ಬದುಕಿ, 1862ರಲ್ಲಿ ತೀರಿಕೊಂಡಳು. ಅಷ್ಟೂ ವರ್ಷ ಅವಳು 'ತಂಗಿಯನ್ನು ಕೊಂದವಳು' ಎಂಬ ಸಾಲಿನೊಳಗೆ ಇದ್ದಳು.

ನಾವು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಮಳೆ ಹನಿಯಲು ಶುರುವಾಗಿತ್ತು. ಕಾರು ಹತ್ತಿ ಕೂತ ಮೇಲೆ ಮಗಳು, "ಅಮ್ಮಾ, ಬೆಲ್ಟ್ ಹಾಕ್ಕೋ" ಅಂದಳು. ಹಾಕಿಕೊಂಡಿದ್ದೆ. ಇನ್ನೊಮ್ಮೆ ಬಗ್ಗಿ ಎಳೆದು ನೋಡಿದಳು. ಡಿಂಗ್ವಾಲ್ ಬರುವವರೆಗೂ ನಿಧಾನವಾಗಿಯೇ ಓಡಿಸಿದಳು.